ಡಬ್ಬಿಯ ತಳದ ಪಾಸ್‌ವರ್ಡು

ನಮ್ಮ ಅಡುಗೆಮನೆಯ ಪಾತ್ರೆಗಳನ್ನೆಲ್ಲ ಬೋರಲು ಹಾಕಿದರೆ ನಮ್ಮ ವಂಶದ ಚರಿತ್ರೆ ಓದಿಬಿಡಬಹುದು. ಯಾರ ಮದುವೆಗೆ ಯಾರು ಏನು ಉಡುಗೊರೆ ಕೊಟ್ಟರು, ಯಾವ ಮಗುವಿನ ನಾಮಕರಣ ಯಾವತ್ತು ನಡೆಯಿತು, ಯಾವ ಸೋದರತ್ತೆ ಒಂದು ಪುಟಾಣಿ ಲೋಟದ ಮೇಲೂ ತನ್ನ ಹೆಸರು, ಗಂಡನ ಹೆಸರು, ಊರು, ತಾಲ್ಲೂಕು ಇಷ್ಟನ್ನೂ ಹಿಡಿಸಿದಳು, ಎಲ್ಲ ಅಲ್ಲಿದೆ. ಕಳೆದ ತಿಂಗಳು ಒಂದು ಮಧ್ಯಾಹ್ನ ನಾನು ನಿಜವಾಗಿಯೂ ಅದೇ ಕೆಲಸ ಮಾಡುತ್ತ ಕುಳಿತಿದ್ದೆ. ಪಾಂಡವಪುರದ ನಮ್ಮ ಮನೆಯಲ್ಲಿ ಅಡುಗೆಮನೆಯ ನೆಲದ ತುಂಬ ಡಬ್ಬಿ, ಚೊಂಬು, ಬೋಗುಣಿ, ಕ್ಯಾರಿಯರು ಎಲ್ಲವೂ ತಲೆಕೆಳಗಾಗಿ ಬಿದ್ದಿದ್ದವು. ಊಟಕ್ಕೆಂದು ಒಳಗೆ ಬಂದ ಯಜಮಾನರು ಬಾಗಿಲಲ್ಲೇ ನಿಂತರು.

"ಏನಿದು, ಪಾತ್ರೆ ಅಂಗಡಿ ಇಕ್ತೀಯಾ?"

"ಪಾಸ್‌ವರ್ಡ್ ಹುಡುಕ್ತಾ ಇವ್ನಿ" ಎಂದೆ.

ನನ್ನ ಜೊತೆ ಸಂಸಾರ ಮಾಡಿ ಮಾಡಿ ಯಾವ ಪ್ರಶ್ನೆ ಕೇಳಬೇಕು, ಯಾವುದನ್ನು ಕೇಳಬಾರದು ಎಂದು ಅವರಿಗೆ ಗೊತ್ತಾಗಿದೆ. ರಾಶಿಯಿಂದ ಒಂದು ತಟ್ಟೆ ಎತ್ತಿಕೊಂಡು, ಮುದ್ದೆ ತಾವೇ ಹಾಕಿಕೊಂಡು, ಜಗಲಿಗೆ ಹೋಗಿ ಕುಳಿತರು.

ನೀವು ನಗುತ್ತೀರಿ, ಗೊತ್ತು. ಪಾಸ್‌ವರ್ಡನ್ನು ಜನ ತಲೆಯಲ್ಲಿ ಇಟ್ಟುಕೊಳ್ಳುತ್ತಾರೆ. ತಲೆ ನೆಟ್ಟಗಿಲ್ಲದವರು ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಾರೆ. ನಾನು ಅದನ್ನು ಸ್ಟೀಲ್ ಡಬ್ಬಿಯ ತಳದಲ್ಲಿ ಕೊರೆಸಿದ್ದೆ. ಯಾಕೆ ಎಂದು ಹೇಳಬೇಕಾದರೆ ಮೊದಲು ನಮ್ಮವ್ವನ ವಿಷಯ ಹೇಳಬೇಕು, ಅವಳಿಲ್ಲದೆ ನನ್ನ ಯಾವ ದಡ್ಡತನವೂ ಅರ್ಥವಾಗುವುದಿಲ್ಲ.

ಅವ್ವ ಬೂಕನಕೆರೆಯಲ್ಲಿ ಬಾಳಿದವಳು. ಓದು ಬರಹ ಇಲ್ಲ. ಆದರೆ ಮನೆಯ ಒಂದೊಂದು ಪಾತ್ರೆಗೂ ತನ್ನ ಹೆಸರು ಹಾಕಿಸದೆ ಬಿಟ್ಟವಳಲ್ಲ. ಆಗೆಲ್ಲ ಊರಲ್ಲಿ ಮದುವೆ ಎಂದರೆ ಪಾತ್ರೆ ಬಾಡಿಗೆಗೆ ತರುವ ರೂಢಿ ಇರಲಿಲ್ಲ. ಮನೆಮನೆಯಿಂದ ಕೊಳಗ, ಗಂಗಾಳ, ಸೌಟು ಎತ್ತಿಕೊಂಡು ಹೋಗುತ್ತಿದ್ದರು. ಮದುವೆ ಮುಗಿದ ಮಾರನೇ ದಿನ ಚಪ್ಪರದ ಕೆಳಗೆ ಪಾತ್ರೆಗಳ ಗುಡ್ಡ. ಒಂದಷ್ಟಕ್ಕೆ ಕೆಂಪು ಬಣ್ಣದ ಬೊಟ್ಟು, ಒಂದಷ್ಟಕ್ಕೆ ಹೆಸರು, ಕೆಲವಕ್ಕೆ ಏನೂ ಇಲ್ಲ. ಜಗಳವಿಲ್ಲದೆ ಆ ಗುಡ್ಡ ಕರಗಿದ್ದನ್ನು ನಾನು ನೋಡಿಲ್ಲ. ಒಂದು ಸಲ ಒಂದು ಹಿತ್ತಾಳೆ ಕೊಳಗಕ್ಕೆ ಅವ್ವನೂ ಪಟೇಲರ ಸೊಸೆಯೂ ಇಬ್ಬರೂ ಕೈ ಹಾಕಿದರು. ಪಟೇಲರ ಸೊಸೆ ಏಳನೇ ಕ್ಲಾಸು ಓದಿದವಳು. ಅವ್ವ ಕೊಳಗವನ್ನು ಮಗ್ಗುಲು ಮಾಡಿ, ಹೊಗೆ ಹಿಡಿದು ಕಪ್ಪಗಾಗಿದ್ದ ತಳದ ಮೇಲೆ ಬೆರಳಾಡಿಸಿ, "ನಂದೇಯ. ಕೊನೇಲಿ ಒಂದು ಬಾಲ ಐತೆ ನೋಡು" ಎಂದಳು. ಓದಿದವಳು ಹುಣಸೇಹಣ್ಣು ಹಾಕಿ ಉಜ್ಜಿ ನೋಡಿದಳು. ಅವ್ವನದೇ. ಅಕ್ಷರ ಬಾರದವಳು ತನ್ನ ಹೆಸರನ್ನು ಬೆರಳಿನ ತುದಿಯಲ್ಲಿ ಓದುತ್ತಿದ್ದಳು.

ಹೊಸ ಪಾತ್ರೆ ಕೊಂಡರೆ ಹೆಸರು ಹಾಕಿಸುವುದಕ್ಕೆ ಕೆ.ಆರ್. ಪೇಟೆಗೆ ಹೋಗಬೇಕು. ಸಂತೆಯ ದಿನ ನನ್ನನ್ನೂ ನನ್ನ ತಂಗಿ ಜಯಳನ್ನೂ ಎರಡು ಕೈಗೆ ಹಿಡಿದುಕೊಂಡು ಅವ್ವ ಬಸ್ಸು ಹತ್ತುತ್ತಿದ್ದಳು. ಪಾತ್ರೆ ಅಂಗಡಿಯ ಮುಂದೆ ಹೆಸರು ಕೊರೆಯುವವರು ಒಂದು ಸ್ಟೂಲಿನ ಮೇಲೆ ಕುಳಿತಿರುತ್ತಿದ್ದರು. ಅವರ ಕೈಯಲ್ಲಿದ್ದ ಯಂತ್ರ ಜುಯ್ ಎಂದು ಶುರುವಾಯಿತೋ, ಜಯ ಓಡಿ ಹೋಗಿ ಪಾತ್ರೆಯ ಅಂಚು ಹಿಡಿದುಕೊಳ್ಳುತ್ತಿದ್ದಳು. ಆ ನಡುಕ ಮೊಣಕೈವರೆಗೂ ಹತ್ತಿ ಕಚಗುಳಿ ಇಟ್ಟಂತಾಗಿ ಕಿಲಕಿಲ ನಗುತ್ತಿದ್ದಳು. ಅವಳಿಗೆ ಆಗ ಐದು ವರ್ಷ, ನನಗೆ ಒಂಬತ್ತು. ದೊಡ್ಡವಳು ಎಂಬ ಬಿಂಕಕ್ಕೆ ನಾನು ಹಿಡಿಯುತ್ತಿರಲಿಲ್ಲ. ಇವತ್ತಿಗೂ ಹಿಡಿದು ನೋಡಲಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಹೆಸರು ಯಾಕೆ ಬೇಕು ಎಂದರೆ, ನಮ್ಮ ಕಡೆ ಪಾತ್ರೆ ಮನೆಯಲ್ಲಿ ನಿಲ್ಲುವುದಿಲ್ಲ. ಒಬ್ಬರ ಮನೆಯಿಂದ ಏನಾದರೂ ಬಂದರೆ ಆ ಪಾತ್ರೆಯನ್ನು ಬರಿದಾಗಿ ವಾಪಸ್ಸು ಕೊಡುವ ಹಾಗಿಲ್ಲ. ಒಂದು ಹಿಡಿ ಅವರೆಕಾಳೋ, ಒಂದು ಅಚ್ಚು ಬೆಲ್ಲವೋ, ಏನೂ ಇಲ್ಲದಿದ್ದರೆ ನಾಲ್ಕು ಕರಿಬೇವಿನ ಎಸಳಾದರೂ ಹಾಕಿ ಕೊಡಬೇಕು. ಕೊಡುವುದಕ್ಕೆ ಒಳ್ಳೆಯದು ಸಿಗಲಿ ಎಂದು ಕಾಯುತ್ತ ಪಾತ್ರೆ ಆರು ತಿಂಗಳು ಅಲ್ಲೇ ಕೂತಿರುತ್ತದೆ. ಈ ಸಾಗಾಟದ ಕೆಲಸ ನನಗೂ ಜಯಳಿಗೂ ಸೇರಿದ್ದು. ಬೆಲ್ಲದ ಅಚ್ಚು ಹೊತ್ತುಕೊಂಡು ಹೊರಟರೆ ಕೆರೆ ಏರಿ ದಾಟುವಷ್ಟರಲ್ಲಿ ಅದರ ನಾಲ್ಕು ಮೂಲೆಯೂ ನಾಪತ್ತೆ. ನಾನು ಎರಡು ಮೂಲೆ, ಅವಳು ಎರಡು ಮೂಲೆ. ತಗೊಂಡವರು ಬೆಲ್ಲ ಗುಂಡಗಿರುವುದನ್ನು ನೋಡಿಯೂ ಏನೂ ಅನ್ನುತ್ತಿರಲಿಲ್ಲ, ಅವರ ಮನೆಯ ಮಕ್ಕಳೂ ಇದೇ ಕೆಲಸ ಮಾಡುತ್ತಿದ್ದವು.

ಇರಲಿ, ಪಾಸ್‌ವರ್ಡಿಗೆ ಬರುತ್ತೇನೆ. ನಾನು ಮೂವತ್ತು ಚಿಲ್ಲರೆ ವರ್ಷ ಒಂದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿದ್ದವಳು. ಯಾವ ಊರಿನ ಯಾವ ಕಡತ ಕೇಳಿದರೂ ಕಣ್ಣು ಮುಚ್ಚಿಕೊಂಡು ತೆಗೆದುಕೊಡುತ್ತಿದ್ದೆ. ಅಲ್ಲಿ ನಾನು ಕಲಿತ ಒಂದೇ ಪಾಠವೆಂದರೆ ಕಾಗದವನ್ನು ನಂಬಬಾರದು ಎಂಬುದು. ಗೆದ್ದಲು ತಿನ್ನುತ್ತದೆ, ಇಲಿ ಕಡಿಯುತ್ತದೆ, ಇಂಕು ಹಾರಿಹೋಗುತ್ತದೆ. ರಿಟೈರಾದಾಗ ನನ್ನ ಮಗಳು ಶ್ವೇತ ಒಂದು ಸ್ಮಾರ್ಟ್‌ಫೋನ್ ಕೊಡಿಸಿ, ಸಾಮಾಜಿಕ ಜಾಲತಾಣವೊಂದರಲ್ಲಿ ನನ್ನ ಹೆಸರಿನ ಒಂದು ಖಾತೆ ತೆರೆದುಕೊಟ್ಟಳು. ಪಾಸ್‌ವರ್ಡನ್ನೂ ಅವಳೇ ಮಾಡಿದಳು. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ, ನಡುನಡುವೆ ಅಂಕಿ, ಕೊನೆಗೆ ಹಾವಿನ ಹಾಗೆ ಸುತ್ತಿಕೊಂಡ ಒಂದು ಚಿಹ್ನೆ. "ಯಾರ್ಗೂ ಹೇಳ್ಬೇಡಮ್ಮ, ಕಾಗದದ ಮೇಲೆ ಬರೀಬೇಡ" ಎಂದು ಎರಡೆರಡು ಸಲ ಹೇಳಿದಳು.

ನಾನು ಅವಳ ಮಾತನ್ನು ಚಾಚೂ ತಪ್ಪದೆ ಪಾಲಿಸಿದೆ. ಕಾಗದದ ಮೇಲೆ ಬರೆಯಲಿಲ್ಲ. ಹೊಸದೊಂದು ಮುಚ್ಚಳದ ಡಬ್ಬಿ ಕೊಂಡು, ಅದರ ತಳದಲ್ಲಿ ಮೇಲೆ ನನ್ನ ಫೋನ್ ನಂಬರು, ಕೆಳಗೆ ಪಾಸ್‌ವರ್ಡು ಕೊರೆಸಿದೆ. ಕೊರೆಯುವವರು ಯಂತ್ರ ನಿಲ್ಲಿಸಿ, "ಮೇಡಮ್, ಇದು ಯಾರ ಹೆಸರು?" ಎಂದು ಕೇಳಿದರು. "ಮನೆದೇವ್ರ ಮಂತ್ರ" ಎಂದುಬಿಟ್ಟೆ. ಅವರು ಭಕ್ತಿಯಿಂದ ಕೈಮುಗಿದು ಮುಂದಿನದನ್ನು ಕೊರೆದರು. ಇನ್ನು ಇಲಿ ಬಂದರೇನು, ಗೆದ್ದಲು ಬಂದರೇನು ಎಂದುಕೊಂಡು ಹೆಮ್ಮೆಯಿಂದ ಮನೆಗೆ ಬಂದೆ.

ಆ ಖಾತೆಯಲ್ಲಿ ನಾನೇನು ಬರೆದರೂ ಬೇರೆ ಯಾರಿಗೂ ಕಾಣದ ಹಾಗೆ ಶ್ವೇತ ಮಾಡಿಟ್ಟಿದ್ದಳು. ಮೊದಲು ಕೈ ಪಳಗಲಿ, ಆಮೇಲೆ ಊರಿಗೆಲ್ಲ ತೋರಿಸುವೆಯಂತೆ ಎಂದಿದ್ದಳು. ಊರಿಗೆ ತೋರಿಸುವ ಆಸೆ ನನಗೆ ಬರಲೇ ಇಲ್ಲ. ಅದೇ ವರ್ಷ ಅವ್ವ ಹೋದಳು. ತಿಥಿ ಮುಗಿಸಿ ಬಂದ ಮೇಲೆ, ಒಂದು ಬೆರಳಿನಲ್ಲಿ ಒತ್ತಿ ಒತ್ತಿ, ಅವ್ವನ ಬಗ್ಗೆ ನೆನಪಾದದ್ದನ್ನೆಲ್ಲ ಅಲ್ಲಿ ಬರೆಯತೊಡಗಿದೆ. ಅವಳು ರಾಗಿ ಬೀಸುವಾಗ ಹೇಳುತ್ತಿದ್ದ ಪದಗಳು, ಎಮ್ಮೆಗಳಿಗೆ ಇಟ್ಟ ಹೆಸರುಗಳು, ಜ್ವರ ಬಂದಾಗ ಹಣೆಗೆ ಹಚ್ಚುತ್ತಿದ್ದ ಪಟ್ಟು, ಬೈಗುಳಗಳು ಸಹ. ದಿನಕ್ಕೆ ನಾಲ್ಕು ಸಾಲಾದರೂ ಸರಿ. ಬರೆದಾಯಿತು ಎಂಬ ಧೈರ್ಯಕ್ಕೆ ತಲೆಯಿಂದ ಒಂದೊಂದನ್ನೇ ಬಿಟ್ಟುಕೊಟ್ಟೆ. ವರ್ಷಗಳು ಕಳೆದ ಮೇಲೆ ನನ್ನವ್ವ ನನ್ನ ತಲೆಯಲ್ಲಿ ಇದ್ದದ್ದಕ್ಕಿಂತ ಆ ಖಾತೆಯಲ್ಲೇ ಹೆಚ್ಚು ಇದ್ದಳು.

ಹೀಗಿರುವಾಗ ಹೋದ ತಿಂಗಳು ಅಮಾವಾಸ್ಯೆಗೆ ಶ್ರೀರಂಗಪಟ್ಟಣದ ಸ್ನಾನಘಟ್ಟಕ್ಕೆ ಹೋಗಿದ್ದೆ. ಮೆಟ್ಟಿಲ ಮೇಲೆ ಬಗ್ಗಿ ಬೊಗಸೆಯಲ್ಲಿ ನೀರು ಎತ್ತಿಕೊಂಡೆ, ಸೊಂಟಕ್ಕೆ ಸಿಕ್ಕಿಸಿದ್ದ ಫೋನು ಜಾರಿ ಡುಬುಕ್ ಎಂದಿತು. ಪಕ್ಕದಲ್ಲಿ ಮೀಯುತ್ತಿದ್ದ ಹೆಂಗಸೊಬ್ಬರು, "ಬುಡಿ ಅಕ್ಕಾ, ಕಾವೇರಮ್ಮಂಗೆ ಕೊಟ್ಟಂಗಾಯ್ತು" ಎಂದರು. ಕಾವೇರಮ್ಮ ಫೋನ್ ಇಟ್ಟುಕೊಂಡು ಯಾರ ಜೊತೆ ಮಾತಾಡುತ್ತಾಳೋ, ನನಗೆ ಅಳು ಬಂದುಬಿಟ್ಟಿತು.

ಹೊಸ ಫೋನು ಬಂತು. ಖಾತೆ ತೆರೆಯಲು ಹೋದರೆ ಪಾಸ್‌ವರ್ಡ್ ಕೊಡು ಎಂದಿತು. ನೆನಪಿದ್ದರೆ ತಾನೆ? ಮಾಡಿಕೊಟ್ಟ ಶ್ವೇತಳಿಗೂ ನೆನಪಿರಲಿಲ್ಲ. ಮರೆತಿದ್ದೀರಾ ಎಂದು ಕೇಳುವ ಕಡೆ ಒತ್ತಿದೆ. ನಿಮ್ಮ ನಂಬರಿಗೆ ಒಂದು ಗುಟ್ಟಿನ ಅಂಕಿ ಕಳಿಸಿದ್ದೇವೆ ಎಂದಿತು. ಯಾವ ನಂಬರಿಗೆ? ಖಾತೆ ತೆರೆದಾಗ ಕೊಟ್ಟಿದ್ದ ಹಳೆಯ ನಂಬರಿಗೆ. ಅದಕ್ಕೆ ಕರೆನ್ಸಿ ಹಾಕಿಸುವುದು ಬಿಟ್ಟು ಎಷ್ಟೋ ಕಾಲವಾಗಿ, ಈಗ ಅದು ಬೇರೆ ಯಾರ ಪಾಲಿಗೋ ಹೋಗಿದೆ. ಧೈರ್ಯ ಮಾಡಿ ಆ ನಂಬರಿಗೇ ಫೋನ್ ಮಾಡಿದೆ. ಲಾರಿ ಓಡಿಸುವವರೊಬ್ಬರು ಎತ್ತಿದರು. ನನ್ನ ಕಥೆಯನ್ನೆಲ್ಲ ಹೇಳಿ, "ನಿಮ್ಮ ಫೋನಿಗೆ ಈಗ ಒಂದು ಓಟಿಪಿ ಬಂದಿರ್ತದೆ, ಅದನ್ನ ಹೇಳಪ್ಪ" ಎಂದೆ.

"ಅಮ್ಮಾ, ಓಟಿಪಿ ಕೇಳಿದ್ರೆ ಯಾರ್ಗೂ ಹೇಳ್ಬೇಡಿ ಅಂತ ದಿನಾ ಮೆಸೇಜ್ ಬತ್ತದೆ. ವಯಸ್ಸಾದೋರು ನೀವು. ಯಾಕಿಂಗೆ ಕೆಟ್ಟ ಕೆಲಸಕ್ಕೆ ಇಳಿದಿದ್ದೀರಿ?"

ಮೂರು ಸಲ ಫೋನ್ ಮಾಡಿದೆ. ಮೂರನೇ ಸಲ ಅವರಿಗೆ ನನ್ನ ಮೇಲೆ ಕನಿಕರ ಹುಟ್ಟಿತ್ತು. "ಮಕ್ಳು ನೋಡ್ಕತಿಲ್ವಾ? ಒಂದೊತ್ತಿನ ಊಟ ಬೇಕಂದ್ರೆ ಕೇಳಿ, ಕೊಡುಸ್ತೀನಿ. ಓಟಿಪಿ ಮಾತ್ರ ಕೇಳ್ಬೇಡಿ" ಎಂದು ಇಟ್ಟುಬಿಟ್ಟರು. ಒಳ್ಳೆಯ ಮನುಷ್ಯ. ಸರ್ಕಾರಿ ಪಿಂಚಣಿ ತಗೊಳ್ಳುವ ನಾನು ಹತ್ತು ನಿಮಿಷ ಮುಖ ಕೆಂಪು ಮಾಡಿಕೊಂಡು ಕುಳಿತಿದ್ದೆ.

ಆಗ ಡಬ್ಬಿ ನೆನಪಾಯಿತು. ಅಡುಗೆಮನೆಯನ್ನೆಲ್ಲ ಬೋರಲು ಹಾಕಿದೆ. ಬೇರೆಯವರ ಪಾತ್ರೆ ಹನ್ನೊಂದು ಸಿಕ್ಕವು, ನನ್ನ ಡಬ್ಬಿ ಸಿಗಲಿಲ್ಲ. ಸಂಜೆವರೆಗೂ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಶ್ವೇತಳ ಮದುವೆಗೆ ಕಜ್ಜಾಯ ಮಾಡಿಸಿದಾಗ, ಸಹಾಯಕ್ಕೆ ಬಂದಿದ್ದ ನಮ್ಮ ಅತ್ತೆ ಮಗಳು ಗೌರಮ್ಮನಿಗೆ ಒಂದು ಡಬ್ಬಿ ತುಂಬಿಕೊಟ್ಟಿದ್ದೆ. ಕೈಗೆ ಸಿಕ್ಕ ಡಬ್ಬಿ. ತಳ ನೋಡದೆ ಕೊಟ್ಟಿದ್ದೆ.

ಮಾರನೇ ಬೆಳಿಗ್ಗೆಯೇ ಕೆ.ಆರ್. ಪೇಟೆ ಬಸ್ಸು ಹತ್ತಿ, ಅಲ್ಲಿಂದ ಆಟೋದಲ್ಲಿ ಹೊಸಹೊಳಲಿಗೆ ಹೋದೆ. ದೇವಸ್ಥಾನದ ಹಿಂದಿನ ಬೀದಿಯಲ್ಲಿ ಗೌರಮ್ಮನ ಮನೆ. ನಾನು ಡಬ್ಬಿ ಎಂದ ಕೂಡಲೇ ಅವಳಿಗೆ ನೆನಪು ಬಂತು.

"ಅದಾ? ಅದೆಲ್ಲೈತೆ ಈಗ. ಕಜ್ಜಾಯ ತಿಂದು ಮುಗ್ಸಿ, ಅವರೆಕಾಳು ತುಂಬಿ ನಾಗಮಂಗಲಕ್ಕೆ ಕಳುಸ್ಬುಟ್ಟೆ ಕಣಕ್ಕ, ಜಯಂಗೆ."

"ನನ್ ಡಬ್ಬಿನ ಅವ್ಳಿಗ್ಯಾಕೆ ಕೊಟ್ಟೆ?"

"ನಿಂಗೆ ಕೊಟ್ರೇನು, ಅವ್ಳಿಗೆ ಕೊಟ್ರೇನು? ಇಬ್ರೂ ಒಂದೇ ಹೊಟ್ಟೇಲಿ ಹುಟ್ಟಿಲ್ವಾ?"

ಅವಳು ಕಾಫಿ ಕೊಟ್ಟಳು. ಜಯಳ ಜೊತೆ ನಾನು ಮಾತು ಬಿಟ್ಟು ಮೂರು ವರ್ಷವಾಗಿತ್ತು. ಗೌರಮ್ಮನಿಗೆ ಅದು ಗೊತ್ತಿಲ್ಲದೆ ಏನಲ್ಲ. ಗೊತ್ತಿದ್ದೇ ಕಳಿಸಿದ್ದಳು ಎಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಮಾತು ಬಿಟ್ಟದ್ದು ಶ್ವೇತಳ ಲಗ್ನಪತ್ರಿಕೆಯಿಂದ. ನಮ್ಮ ಕಡೆಯ ಲಗ್ನಪತ್ರಿಕೆ ನೀವು ನೋಡಿರುತ್ತೀರಿ. ಮುಹೂರ್ತ ಎರಡು ಸಾಲು, ಮಿಕ್ಕಿದ್ದೆಲ್ಲ ಸುಖಾಗಮನ ಬಯಸುವವರ ಹೆಸರು. ಯಾರ ಹೆಸರು ಮೇಲೆ, ಯಾರದು ಕೆಳಗೆ, ಯಾರ ಹೆಸರಿನ ಪಕ್ಕ ಯಾರು ಎಂದು ತೂಗಿ ತೂಗಿ ಹಾಕಬೇಕು. ಒಂದು ಹೆಸರು ಬಿಟ್ಟರೆ ಮೂರು ತಲೆಮಾರಿನ ಬಳಕೆ ನಿಂತುಹೋಗುತ್ತದೆ. ಕಾರ್ಡು ಅಚ್ಚಾಗಿ ಬಂದಾಗ ನನ್ನ ಒಬ್ಬಳೇ ತಂಗಿ, ಹುಡುಗಿಯ ಸ್ವಂತ ಚಿಕ್ಕಮ್ಮ, ಅವಳ ಹೆಸರೂ ಇರಲಿಲ್ಲ, ಅವಳ ಗಂಡ ಕೃಷ್ಣೇಗೌಡರ ಹೆಸರೂ ಇರಲಿಲ್ಲ. ಪ್ರೆಸ್ಸಿನವರು ಬಿಟ್ಟುಬಿಟ್ಟರು ಎಂದು ನಾನು ಎಲ್ಲರಿಗೂ ಹೇಳಿದೆ. ಜಯ ಮದುವೆಗೆ ಬಂದಳು. ಅಕ್ಷತೆ ಹಾಕಿದಳು, ಶ್ವೇತಳ ಕೆನ್ನೆ ಸವರಿದಳು, ಊಟಕ್ಕೆ ಕೂರದೆ ಹೋದಳು. ಅವಳಿಗೆಂದು ಹಾಕಿದ್ದ ಎಲೆ ಖಾಲಿ ಉಳಿದದ್ದು ಚೌಟ್ರಿಯಲ್ಲಿದ್ದ ಎಲ್ಲರಿಗೂ ಕಾಣಿಸಿತು. ನನ್ನ ಮಾನ ತೆಗೆದಳು ಎಂದು ನಾನೂ ಸೆಟೆದುಕೊಂಡೆ.

ಇಷ್ಟು ಬರೆದ ಮೇಲೆ ಸುಳ್ಳು ಯಾಕೆ? ಪ್ರೆಸ್ಸಿನವರು ಏನನ್ನೂ ಬಿಟ್ಟಿರಲಿಲ್ಲ. ಕರಡು ತಿದ್ದುವಾಗ ಒಂದು ಸಾಲು ಹೆಚ್ಚಾಗಿ ಪುಟ ಮೀರುತ್ತಿತ್ತು. ನಾನಿದ್ದ ಕಚೇರಿಯ ದೊಡ್ಡ ಸಾಹೇಬರ ಹೆಸರು ಹಾಕಲೇಬೇಕಿತ್ತು. ಯಾವುದನ್ನು ತೆಗೆಯಲಿ ಎಂದು ಪೆನ್ನು ಹಿಡಿದು ನೋಡಿದೆ. ಜಯ ತಾನೆ, ನಮ್ಮವಳು, ಏನೂ ಅಂದುಕೊಳ್ಳುವುದಿಲ್ಲ ಎಂದು ಅವಳ ಹೆಸರಿನ ಮೇಲೆ ಗೀಟು ಎಳೆದೆ. ಸಾಹೇಬರು ಮದುವೆಗೂ ಬರಲಿಲ್ಲ. ಇದನ್ನು ನಾನು ಯಜಮಾನರಿಗೂ ಹೇಳಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ.

ಅವ್ವನನ್ನು ವಾಪಸ್ಸು ಪಡೆಯಬೇಕಾದರೆ ಈಗ ಆ ಜಯಳ ಬಾಗಿಲಿಗೆ ಹೋಗಬೇಕು. ಮೂರು ದಿನ ಹೋಗಲಾರೆ ಎಂದುಕೊಂಡೆ. ಫೋನ್ ಮಾಡಿ ಕೇಳೋಣವೆಂದರೆ, ಮಾತು ಬಿಟ್ಟವಳ ಹತ್ತಿರ ಡಬ್ಬಿಯ ತಳ ಓದಿ ಹೇಳು ಎನ್ನುವುದು ಹೇಗೆ? ನಾಲ್ಕನೇ ದಿನ ಅವ್ವನ ಬೀಸುವ ಪದದ ಎರಡನೇ ಸಾಲು ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ಹೆದರಿಕೆಯಾಯಿತು. ಸೀರೆ ಬದಲಾಯಿಸಿ ಬಸ್‌ಸ್ಟ್ಯಾಂಡಿಗೆ ಹೋದೆ.

ಪಾಂಡವಪುರ ಬಿಟ್ಟರೆ ಸ್ವಲ್ಪ ದೂರ ಕಬ್ಬಿನ ಗದ್ದೆ, ಆಮೇಲೆ ನೆಲ ಒಣಗುತ್ತ ಹೋಗಿ ರಾಗಿ ಹೊಲ, ತೆಂಗಿನ ತೋಟ. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಕರಡು ಮಾಡಿದೆ, ತಿದ್ದಿದೆ. ಹೇಗೆ ತಿದ್ದಿದರೂ ಪ್ರೆಸ್ಸಿನವರು ಒಳಗೆ ಬಂದು ಕೂರುತ್ತಿದ್ದರು. ಜಯ ಅಂಗನವಾಡಿ ಟೀಚರು. ಅವತ್ತು ಭಾನುವಾರ, ಮನೆಯಲ್ಲೇ ಇದ್ದಳು. ಅಂಗಳದಲ್ಲಿ ಒಣಹಾಕಿದ್ದ ಕೊಬ್ಬರಿಯನ್ನು ಮಗುಚುತ್ತಿದ್ದವಳು ತಲೆ ಎತ್ತಿ ನನ್ನನ್ನು ನೋಡಿದಳು. ಕೂದಲು ಅರ್ಧಕ್ಕರ್ಧ ಬೆಳ್ಳಗಾಗಿತ್ತು. ಮೂರು ವರ್ಷದಲ್ಲಿ ಇಷ್ಟು ಬೆಳ್ಳಗಾಗುತ್ತದೆ ಎಂದು ನಾನು ಎಣಿಸಿರಲಿಲ್ಲ.

"ಬಾ" ಎಂದಳು, ಅಷ್ಟೇ. ನೀರು ಕೊಟ್ಟಳು. ಮಣೆ ಹಾಕಿದಳು. ತಾನು ಎದುರಿಗೆ ಗೋಡೆಗೆ ಒರಗಿ ಕುಳಿತಳು.

"ಏನ್ ಬಂದಿದ್ದು?"

"ಒಂದು ಡಬ್ಬಿ... ಗೌರಮ್ಮ ಅವರೆಕಾಳು ಕಳಿಸಿದ್ಳಂತಲ್ಲ."

"ಡಬ್ಬಿಗಾ ಬಂದೆ?"

ಹೂಂ ಎಂದೆ. ಆ ಹೂಂ ನನಗೇ ಕೇಳಿಸದಷ್ಟು ಸಣ್ಣಗಿತ್ತು. ಅವಳು ಎದ್ದು ಒಳಗೆ ಹೋಗಿ, ರಾಗಿ ಹಿಟ್ಟಿದ್ದ ಡಬ್ಬಿಯನ್ನು ಮೊರಕ್ಕೆ ಸುರಿದು ಬರಿದು ಮಾಡಿ, ತಂದು ನನ್ನ ಮುಂದೆ ಬೋರಲು ಇಟ್ಟಳು. ನಂಬರು, ಅದರ ಕೆಳಗೆ ಪಾಸ್‌ವರ್ಡು, ಕೊರೆದಾಗ ಹೇಗಿತ್ತೋ ಹಾಗೇ ಇತ್ತು. ನಾನು ಚೀಲದಿಂದ ಪೆನ್ನು ತೆಗೆದೆ.

"ಅಕ್ಕ, ಕಾರ್ಡಲ್ಲಿ ನಮ್ಮೆಸ್ರು ಬಿಟ್ಟಿದ್ದು ಯಾರು?"

ಪ್ರೆಸ್ಸಿನವರು ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿ ಮೂರು ವರ್ಷದಿಂದ ಸಿದ್ಧವಾಗಿ ಕುಳಿತಿತ್ತು. ಬಾಯಿ ತೆರೆದೆ. ಅವಳು ಕೋಪದಿಂದ ನೋಡುತ್ತಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಅವಳು ಸುಮ್ಮನೆ ನನ್ನ ಬಾಯನ್ನೇ ನೋಡುತ್ತಿದ್ದಳು.

"ನಾನೇ ಕಣೆ" ಎಂದೆ. "ಪ್ರೆಸ್ನೋರಲ್ಲ. ಜಾಗ ಸಾಲ್ಲಿಲ್ಲ. ಸಾಹೇಬ್ರ ಹೆಸ್ರು ಹಾಕಾಕೆ ನಿಂದು ಹೊಡ್ದಾಕಿದೆ. ನಮ್ಮೋಳು ತಾನೆ, ಏನೂ ಅನ್ಕಳಲ್ಲ ಅಂತ."

ಅವಳು ಸೆರಗಿನ ತುದಿಯಿಂದ ಡಬ್ಬಿಯ ಅಂಚಿಗೆ ಅಂಟಿದ್ದ ಹಿಟ್ಟನ್ನು ಒರೆಸಿದಳು.

"ಗೊತ್ತು" ಎಂದಳು.

"ಯಾರು ಹೇಳುದ್ರು?"

"ನೀನೇ ಬರ್ದಿದ್ದೀಯಲ್ಲ."

ಎದ್ದು ಕಿಟಕಿಯ ಮೇಲಿದ್ದ ತನ್ನ ಫೋನು ತಂದಳು. ಎರಡು ಕಡೆ ಒತ್ತಿ ನನ್ನ ಮುಂದೆ ಹಿಡಿದಳು. ನನ್ನ ಹೆಸರು, ನನ್ನ ಫೋಟೋ, ಕೆಳಗೆ ನಾನು ಒಂದು ಬೆರಳಿನಲ್ಲಿ ಒತ್ತಿದ ಸಾಲುಗಳು. ಕಾವೇರಿಗೆ ಫೋನು ಬೀಳುವ ಹಿಂದಿನ ದಿನ ಬರೆದದ್ದು ಎಲ್ಲಕ್ಕಿಂತ ಮೇಲಿತ್ತು. ನಾನು ಬೆಪ್ಪಾಗಿ ನೋಡುತ್ತಿದ್ದೆ.

"ದಿನಾ ಅಂಗನವಾಡಿ ಮಕ್ಳ ತೂಕ, ಹಾಜರಿ ಎಲ್ಲಾ ಮೊಬೈಲಿಗೆ ಹಾಕೋಳು ನಾನು" ಎಂದಳು. "ಅವರೆಕಾಳು ಸುರ್ಕಂಡು ತಳ ನೋಡಿದೆ, ಯಾರ ಡಬ್ಬಿ ಅಂತ. ನೋಡಿದೇಟ್ಗೆ ಗೊತ್ತಾಗೋಯ್ತು ಇದು ಪಾಸ್‌ವರ್ಡು ಅಂತ. ಮೇಲೆ ನಿನ್ ನಂಬರ್ ಬೇರೆ. ಇಂಥ ಕೆಲಸ ನಮ್ಮನೇಲಿ ಇನ್ಯಾರು ಮಾಡ್ತಾರೆ?"

ನನಗೆ ಮೊದಲು ಬಂದದ್ದು ಸಿಟ್ಟು. ಇನ್ನೊಬ್ಬರ ಕಾಗದ ಒಡೆದು ಓದಿದ ಹಾಗಲ್ಲವೇ ಇದು? "ಕದ್ದು ಓದ್ದ್ಯಾ?" ಎಂದು ಜೋರಾಗಿಯೇ ಕೇಳಿದೆ.

"ಓದ್ದೆ. ದಿನಾ ಓದ್ದೆ, ಎರಡೂವರೆ ವರ್ಷ. ಕಾಫಿ ಕುಡಿಯೋವಾಗ ಒಂದ್ಸಲ, ಮಲಗೋವಾಗ ಒಂದ್ಸಲ."

"ಎಲ್ಲಾನೂ?"

"ಎಲ್ಲಾನೂ. ನಮ್ಮನೆಯವರ ಗೊರ್ಕೆ ಬಗ್ಗೆ ಬರ್ದಿರೋದೂ ಓದ್ದೆ. ಅವ್ರಿಗೆ ತೋರ್ಸಿಲ್ಲ ಬುಡು."

ನಾನು ತಲೆ ತಗ್ಗಿಸಿದೆ. ಶ್ವೇತಳ ಮದುವೆಯ ವಾರ್ಷಿಕೋತ್ಸವದ ದಿನ, ಎಲ್ಲರಿಗೂ ಸಿಹಿ ಹಂಚಿ ಬಂದು ಕುಳಿತು, ಕರಡಿನ ಮೇಲೆ ಗೀಟು ಎಳೆದ ವಿಷಯವನ್ನು ಅಲ್ಲಿ ಬರೆದಿದ್ದೆ. ಜಯಳ ಮುಂದೆ ಹೇಳುವುದಕ್ಕೆ ಬಾಯಿ ಬಾರದ್ದರಿಂದಲೇ ಅಲ್ಲಿ ಬರೆದದ್ದು. ಅವಳಿಗೆ ಕಾಣಬಾರದು ಎಂದು ಬರೆದದ್ದನ್ನು ಅವಳೊಬ್ಬಳೇ ಓದಿದ್ದಳು.

ಅಷ್ಟರಲ್ಲಿ ಜಯಳಿಗೆ ಎಷ್ಟೋ ದಿನದಿಂದ ತಡೆದುಕೊಂಡಿದ್ದ ಇನ್ನೊಂದು ವಿಷಯ ಬಾಯಿಗೆ ಬಂತು. "ಅದ್ರಲ್ಲಿ ತಪ್ಪು ಎಷ್ಟು ಬರ್ದಿದ್ದೀಯ ಗೊತ್ತಾ? ನಮ್ ಜಗಲಿಗೆ ನಾಕು ಕಂಬ ಅಂತೀಯ. ಇದ್ದಿದ್ದು ಮೂರು. ನಾಕ್ನೇದು ಬಿದ್ದೋದಾಗ ನೀನಿನ್ನೂ ಅಂಬೆಗಾಲು ಇಕ್ತಿದ್ದೆ ಅಂತ ಅವ್ವ ಹೇಳ್ತಿರ್ಲಿಲ್ವಾ? ಆ ಕೊಂಬು ಮುರ್ದ ಎಮ್ಮೆ ಹೆಸ್ರು ಬೋರಿ ಅಲ್ಲ, ಚೆನ್ನಿ. ಬೋರಿ ಅದ್ರ ಮಗಳು. ಎರಡೂವರೆ ವರ್ಷ ಬಾಯಿ ಮುಚ್ಕಂಡು ಓದಿವ್ನಿ ಅಕ್ಕ, ನಂಗೆ ಎಂಗಾಗಿರ್ಬೇಡ?"

ಕಂಬ ನಾಲ್ಕೇ ಎಂದು ನಾನು ವಾದಿಸಿದೆ. ಅವಳು ಒಪ್ಪಲಿಲ್ಲ. ವಾದ ಜೋರಾಯಿತು. ಕೃಷ್ಣೇಗೌಡರು ತೋಟದಿಂದ ಬಂದವರು ಜಗಳ ಎಂದು ತಿಳಿದು ಬಾಗಿಲಲ್ಲೇ ನಿಂತರು, ಆಮೇಲೆ ಕಂಬದ ವಿಷಯ ಎಂದು ಗೊತ್ತಾಗಿ ಕಾಲು ತೊಳೆಯಲು ಹೋದರು. ಬೀಸುವ ಪದದ ಎರಡನೇ ಸಾಲು ಏನೆಂದು ಕೇಳಿದೆ. ಜಯ ಫೋನು ನೋಡದೆ ಹೇಳಿದಳು. ಮೂರನೆಯದೂ ಹೇಳಿದಳು, ನಾಲ್ಕನೆಯದೂ ಹೇಳಿದಳು. ಐದನೆಯದು ನಾನು ಬರೆದೇ ಇರಲಿಲ್ಲ, ನನಗೆ ಯಾವತ್ತೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು.

ಊಟಕ್ಕೆ ಹಾಕಿದಳು. ಉಪ್ಸಾರು, ಮುದ್ದೆ, ಎರಡು ಸಲ ತುಪ್ಪ. ಊಟ ಮಾಡುತ್ತ ನನಗೆ ಒಂದು ಸಂಕಟ ಉಳಿದಿತ್ತು, ಕೇಳದೆ ಇರಲಾರದೆ ಹೋದೆ.

"ನಾನೇ ಗೀಟು ಎಳೆದಿದ್ದು ಅಂತ ಓದಿದ ದಿನ ನಿಂಗೆ ಉರಿಯಲಿಲ್ವಾ?"

"ಉರೀತು. ಎರಡು ದಿನ ನಿನ್ನ ತೆಗೀಲಿಲ್ಲ. ಮೂರನೇ ದಿನ ತೆಗ್ದು ನೋಡ್ದೆ, ತಪ್ಪಾಯ್ತು ಅಂತ ಮತ್ತೆ ಬರ್ದಿದ್ದೆ."

"ಮತ್ತೆ ಅವತ್ತೇ ಯಾಕೆ ಬರ್ಲಿಲ್ಲ ನೀನು? ಬಂದು ನಾಕು ಬೈದಿದ್ರೆ ಆಗೋಗ್ತಿತ್ತಲ್ಲ. ಇಷ್ಟು ದಿನ ಸುಮ್ನೆ ಕೂತಿದ್ದೆಯಲ್ಲೇ."

ಜಯ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

"ಬಂದಿದ್ರೆ ನಾನು ಓದ್ತಿರೋದು ನಿಂಗೆ ಗೊತ್ತಾಗ್ಬುಡ್ತಿತ್ತು. ನೀನು ಬರೆಯೋದು ನಿಲ್ಲಿಸ್ಬುಡ್ತಿದ್ದೆ. ಆಮೇಕೆ ನೀನು ಮಾತೂ ಆಡ್ದೆ, ಬರೀದೇನೂ ಹೋದ್ರೆ, ನಿನ್ ಸಮಾಚಾರ ನಂಗೆಲ್ಲಿ ಸಿಗ್ತಿತ್ತು ಅಕ್ಕ?"

ನಾನು ಅತ್ತೆ. ತಟ್ಟೆಯ ಮುಂದೆ ಕುಳಿತು, ಎಂಜಲು ಕೈಯಲ್ಲೇ, ಚಿಕ್ಕ ಹುಡುಗಿಯ ಹಾಗೆ ಅತ್ತೆ. ಅವಳೂ ಅತ್ತಳು. ಕೃಷ್ಣೇಗೌಡರು ಮಾತ್ರ ಗಂಭೀರವಾಗಿ ಮುದ್ದೆ ಮುರಿಯುತ್ತಿದ್ದರು.

ಈಗ ನನ್ನ ಖಾತೆ ಹೊಸ ಫೋನಿನಲ್ಲೂ ತೆರೆದುಕೊಂಡಿದೆ. ಜಗಲಿಗೆ ಮೂರೇ ಕಂಬ ಎಂದು ತಿದ್ದಿದ್ದೇನೆ. ಜಯ ವಾರಕ್ಕೆರಡು ಸಲ ಫೋನ್ ಮಾಡುತ್ತಾಳೆ, ಆದರೂ ನಾನು ದಿನಾ ರಾತ್ರಿ ನಾಲ್ಕು ಸಾಲು ಅಲ್ಲಿ ಬರೆಯದೆ ಮಲಗುವುದಿಲ್ಲ. ಪಾಸ್‌ವರ್ಡ್ ಇನ್ನೊಬ್ಬರಿಗೆ ಗೊತ್ತಾದ ಮೇಲೆ ಇಟ್ಟುಕೊಳ್ಳಬಾರದು, ಮೊದಲು ಬದಲಾಯಿಸಮ್ಮ ಎಂದು ಶ್ವೇತ ದಿನಾ ಹೇಳುತ್ತಾಳೆ. ಹೇಗೆ ಬದಲಾಯಿಸುವುದೆಂದು ತೋರಿಸಿಯೂ ಕೊಟ್ಟಿದ್ದಾಳೆ. ಆಗಲಿ, ನಾಳೆ ಮಾಡ್ತೀನಿ ಎನ್ನುತ್ತೇನೆ. ಮಾಡಿಲ್ಲ.